ಮನೆಯ ಕಾಕ್‌ಪಿಟ್‌ಗೆ ಯಾವ ಸಾಮಾನು ಹೊಂದುತ್ತದೆ? ಕೊಳ್ಳುವ ಮುಂಚೆ ಓದಬೇಕಾದ ಸಮಗ್ರ ಮಾರ್ಗದರ್ಶಿ

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್‌ಗೆ (ಚಿಕ್ಕದಾಗಿ ‘ಸಿಮ್’) ಮನೆಯಲ್ಲೇ ಕಾಕ್‌ಪಿಟ್ ಕಟ್ಟುವವರಿಗೆ ಇದು. ನಮ್ಮ ಧಾರವಾಡದ ಮನೆಯ ಅಟ್ಟದ ಮೇಲೆ ಮೂರು ಲಿವರ್‌ಗಳ ಒಂದು ಥ್ರಾಟಲ್ ಕ್ವಾಡ್ರೆಂಟ್ (ಎಂಜಿನ್ ಶಕ್ತಿ ಏರಿಸಿಳಿಸುವ ಲಿವರ್‌ಗಳ ಪೆಟ್ಟಿಗೆ) ಎರಡು ವರ್ಷ ಸುಮ್ನೆ ಬಿದ್ದಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಖುಷಿಯಿಂದ ತರಿಸಿದ್ದೆ. ಡಬ್ಬಿ ಬಿಚ್ಚಿದರೆ ವೈರಿನ ತುದಿಯಲ್ಲಿ ಯುಎಸ್‌ಬಿ ಇಲ್ಲ. ಹಳೇ ಕೀಬೋರ್ಡ್‌ಗಳಿಗೆ ಇರುತ್ತಿತ್ತಲ್ಲ, ಆ ಥರದ ದುಂಡನೆಯ ಪಿನ್. ಅದು ಅದೇ ಕಂಪನಿಯ ಯೋಕ್‌ನ (ವಿಮಾನದ ಸ್ಟೀರಿಂಗ್‌ನಂಥ ಹಿಡಿ) ಹಿಂಭಾಗಕ್ಕೆ ಮಾತ್ರ ಕೂರುತ್ತದೆ. ಬಿಡಿಯಾಗಿ ಮಾರುವ ಕ್ವಾಡ್ರೆಂಟ್‌ಗೆ ಯುಎಸ್‌ಬಿ ಇರುತ್ತದೆ, ಯೋಕ್ ಜೊತೆ ಬರುವುದಕ್ಕೆ ಇರುವುದಿಲ್ಲ. ಫೋಟೋದಲ್ಲಿ ಎರಡೂ ಅವಳಿ ಜವಳಿ. ಮಾರಿದವರ ತಪ್ಪೇನೂ ಇಲ್ಲ. ವೈರಿನ ತುದಿ ತೋರಿಸಿ ಅಂತ ಕೇಳದೇ ಇದ್ದವನು ನಾನು.

ಆಮೇಲಿಂದ ಏನು ಕೊಳ್ಳುವುದಿದ್ದರೂ ಮೊದಲು ನೋಟ್‌ಬುಕ್ಕಿನ ಒಂದು ಹಾಳೆ ತುಂಬಿಸುತ್ತೇನೆ. ಯಾವ ವಿಮಾನ, ಯಾವ ಸಿಮ್, ಯಾವ ಪೋರ್ಟ್, ಯಾವ ಮೇಜು. ಈ ನಾಲ್ಕಕ್ಕೂ ಒಪ್ಪಿದ ಮೇಲೇ ದುಡ್ಡು. ಡಬ್ಬಿಯ ಮೇಲೆ ‘ಪಿಸಿಗೆ ಹೊಂದುತ್ತದೆ’ ಅಂತ ಬರೆದಿರುವುದು ಈ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಉತ್ತರ, ಅದೂ ಅರ್ಧ.

ಹೆಜ್ಜೆ 1: ವಿಮಾನ ಆರಿಸಿ, ಆಕ್ಸಿಸ್ ಎಣಿಸಿ

ತುಂಬಾ ಜನ ಮೊದಲು ಜಾಯ್‌ಸ್ಟಿಕ್ ಕೊಳ್ಳುತ್ತಾರೆ, ಆಮೇಲೆ ಯಾವ ವಿಮಾನ ಹಾರಿಸಲಿ ಅಂತ ಯೋಚಿಸುತ್ತಾರೆ. ಇದನ್ನು ತಿರುಗಿಸಿ. ನೀವು ಜಾಸ್ತಿ ಹೊತ್ತು ಹಾರಿಸುವ ಒಂದೇ ಒಂದು ವಿಮಾನ ಯಾವುದು? ಅದರಲ್ಲಿ ಪೈಲಟ್‌ನ ಕೈಕಾಲು ಏನೇನು ಮುಟ್ಟುತ್ತದೆ?

ಏರ್‌ಬಸ್ ಎ320ಯಲ್ಲಿ ಸೈಡ್‌ಸ್ಟಿಕ್, ಅಂದರೆ ಪಕ್ಕದಲ್ಲಿರುವ ಜಾಯ್‌ಸ್ಟಿಕ್‌ನಂಥ ಹಿಡಿ. ಕ್ಯಾಪ್ಟನ್ ಎಡಗೈಯಲ್ಲಿ ಹಿಡಿಯುತ್ತಾರೆ, ಬಲಗೈ ಥ್ರಾಟಲ್ ಮೇಲೆ. ಅಂದರೆ ಬಲಗೈಗೆಂದೇ ಅಚ್ಚು ಹಾಕಿದ ಜಾಯ್‌ಸ್ಟಿಕ್ ಇಲ್ಲಿ ಕೆಲಸಕ್ಕೆ ಬಾರದು. ಥ್ರಸ್ಟ್‌ಮಾಸ್ಟರ್‌ನ ಟಿ.16000ಎಂ ಎರಡೂ ಕೈಗೆ ಒಗ್ಗುತ್ತದೆ. ಬೋಯಿಂಗ್ 737, ಎಟಿಆರ್ 72, ಸೆಸ್ನಾ 172 ಇವಕ್ಕೆಲ್ಲ ಯೋಕ್. ಹುಬ್ಬಳ್ಳಿ ನಿಲ್ದಾಣದಲ್ಲಿ ಎಟಿಆರ್ ಏರಿ ಬಂದು ‘ಅದನ್ನೇ ಹಾರಿಸಬೇಕು’ ಅಂತ ಆಸೆಪಟ್ಟವರು ಇದನ್ನು ಗಮನಿಸಿ. ಅದಕ್ಕೆ ಎರಡು ಪವರ್ ಲಿವರ್, ಎರಡು ಕಂಡಿಷನ್ ಲಿವರ್ (ಪ್ರೊಪೆಲರ್ ಮತ್ತು ಇಂಧನಕ್ಕೆ), ಜೊತೆಗೆ ಫ್ಲಾಪ್ (ರೆಕ್ಕೆಯ ಹಿಂಭಾಗ ಇಳಿಸುವುದಕ್ಕೆ). ಎರಡು ಲಿವರಿನ ಏರ್‌ಬಸ್ ಕ್ವಾಡ್ರೆಂಟ್ ಸಾಕಾಗುವುದಿಲ್ಲ.

ಈಗ ಎಣಿಕೆ. ಕೈ ಸರಿಸಿದಷ್ಟೂ ಸ್ವಲ್ಪ ಸ್ವಲ್ಪವೇ ಬದಲಾಗುವ ಪ್ರತಿಯೊಂದು ನಿಯಂತ್ರಣ ಒಂದು ಆಕ್ಸಿಸ್. ಸೆಸ್ನಾ 172ಕ್ಕೆ ಎಡಬಲ, ಮೇಲೆಕೆಳಗೆ, ರಡ್ಡರ್ (ಕಾಲಿನ ಪೆಡಲ್‌ನಿಂದ ಮೂಗು ತಿರುಗಿಸುವುದು), ಥ್ರಾಟಲ್, ಮಿಕ್ಸ್‌ಚರ್ (ಇಂಧನ-ಗಾಳಿಯ ಹದ) ಸೇರಿ ಐದು. ಪೆಡಲ್ ತುದಿಯ ಎರಡು ಬ್ರೇಕ್ ಸೇರಿಸಿದರೆ ಏಳು. ಪ್ರೊಪೆಲರ್ ಲಿವರ್ ಬೇಡ, ಏಕೆಂದರೆ ಅದರ ಪ್ರೊಪೆಲರ್ ಅಲಗಿನ ಕೋನ ಬದಲಾಗುವುದೇ ಇಲ್ಲ. ಎ320ಗೆ ಸ್ಟಿಕ್‌ನ ಎರಡು, ರಡ್ಡರ್, ಎರಡು ಥ್ರಾಟಲ್, ಸ್ಪೀಡ್‌ಬ್ರೇಕ್ (ಗಾಳಿಯಲ್ಲಿ ವೇಗ ತಗ್ಗಿಸುವುದು), ಎರಡು ಬ್ರೇಕ್ ಸೇರಿ ಎಂಟು. ನೆಲದ ಮೇಲೆ ತಿರುಗಿಸುವ ಟಿಲ್ಲರ್ ಬೇಕೆಂದರೆ ಒಂಬತ್ತು. ಫ್ಲಾಪ್‌ಗೆ 0, 1, 2, 3, ಫುಲ್ ಅಂತ ಐದೇ ಜಾಗ, ಹಾಗಾಗಿ ಬಟನ್‌ನಲ್ಲೂ ನಡೆಯುತ್ತದೆ.

ಹಾಳೆಯ ಎಡಕ್ಕೆ ಈ ಆಕ್ಸಿಸ್‌ಗಳನ್ನು ಬರೆಯಿರಿ. ಬಲಕ್ಕೆ, ನೀವು ಕಣ್ಣಿಟ್ಟಿರುವ ಸಾಮಾನಿನಲ್ಲಿ ಅದನ್ನು ಯಾವುದು ಮಾಡುತ್ತದೆ ಅಂತ. ಯಾವ ಸಾಲು ಖಾಲಿ ಉಳಿಯಿತು? ಎಲ್ಲಿ ಒಂದೇ ಸಾಲಿಗೆ ಎರಡು ಹೆಸರು ಬಂತು? ಎರಡೂ ಮುಖ್ಯ. ಎರಡನೆಯದು ಮುಂದೆ ತಲೆನೋವು ಕೊಡುತ್ತದೆ, ಕೊನೆಯಲ್ಲಿ ಹೇಳುತ್ತೇನೆ.

ಥ್ರಾಟಲ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಏರ್‌ಬಸ್ ಲಿವರಿಗೆ ಕಟ್ ಕಟ್ ಅಂತ ಕೂರುವ ಜಾಗಗಳಿವೆ: ಐಡಲ್, ಕ್ಲೈಂಬ್, ಫ್ಲೆಕ್ಸ್ (ಸ್ವಲ್ಪ ತಗ್ಗಿಸಿದ ಟೇಕಾಫ್ ಶಕ್ತಿ), ಟೋಗಾ (ಪೂರ್ತಿ ಶಕ್ತಿ). ಹಾರಾಟದ ಬಹುಪಾಲು ಅದು ಕ್ಲೈಂಬ್‌ನಲ್ಲೇ ಕೂತಿರುತ್ತದೆ, ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಸ್ಟ್ ಒಳಗೇ ಕೆಲಸ ಮಾಡುತ್ತದೆ. ಆ ಗಂಟುಗಳಿಲ್ಲದ ನುಣ್ಣನೆಯ ಲಿವರಿನಲ್ಲಿ ಕ್ಲೈಂಬ್ ಎಲ್ಲಿದೆ ಅಂತ ಕೈಗೆ ಗೊತ್ತಾಗುವುದೇ ಇಲ್ಲ. ಬೋಯಿಂಗ್‌ನಲ್ಲಿ ಉಲ್ಟಾ, ಅಲ್ಲಿ ಲಿವರ್ ತಾನೇ ಸರಿಯುತ್ತದೆ. ಮನೆಗೆ ಕೊಳ್ಳುವ ಸಾಮಾನ್ಯ ಕ್ವಾಡ್ರೆಂಟ್ ಹಾಗೆ ಸರಿಯುವುದಿಲ್ಲ, ಅದನ್ನು ಒಪ್ಪಿಕೊಂಡೇ ಕೊಳ್ಳಬೇಕು. ಎರಡು ಮನಸ್ಸಿನವರಿಗೆ ಹನಿಕೋಂಬ್‌ನ ಬ್ರಾವೋ ಇದೆ. ಆರು ಲಿವರ್, ಹಿಡಿಗಳನ್ನು ಬದಲಿಸಿಕೊಳ್ಳಬಹುದು. ಬೆಲೆ ಮಾತ್ರ ಎರಡು ಮನಸ್ಸಿಗೂ ಸೇರಿಸಿಯೇ ಇದೆ.

ಹೆಜ್ಜೆ 2: ಯಾವ ಸಿಮ್, ಯಾವ ಯಂತ್ರ

ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ 2020 ಮತ್ತು 2024ರ ಆವೃತ್ತಿಗಳು ವಿಂಡೋಸ್‌ನಲ್ಲೂ ಎಕ್ಸ್‌ಬಾಕ್ಸ್‌ನಲ್ಲೂ ಓಡುತ್ತವೆ. ಮ್ಯಾಕ್‌ಗೆ ಇಲ್ಲ. ಎಕ್ಸ್-ಪ್ಲೇನ್ 12 ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದೆ. ಫ್ಲೈಟ್‌ಗೇರ್ ಪೂರ್ತಿ ಉಚಿತ. ಏನೂ ಕೊಳ್ಳದೆ ಜಾಯ್‌ಸ್ಟಿಕ್ ಪರೀಕ್ಷೆ ಮಾಡಲು ಅದು ಒಳ್ಳೆಯ ದಾರಿ.

ಎಕ್ಸ್‌ಬಾಕ್ಸ್ ಇದ್ದವರು ಇಲ್ಲಿ ಸ್ವಲ್ಪ ನಿಲ್ಲಿ. ಗದಗಿನಲ್ಲಿರುವ ನನ್ನ ಅಕ್ಕನ ಮಗನಿಗೆ ನನ್ನ ಹಳೇ ಜಾಯ್‌ಸ್ಟಿಕ್ ಕೊಟ್ಟೆ. ರಾತ್ರಿಯೇ ಫೋನ್ ಬಂತು: “ಮಾಮಾ, ಇದು ಗುರುತ ಹಿಡೀವಲ್ದು.” ಹಿಡಿಯುವುದೂ ಇಲ್ಲ. ಪಿಸಿಯಲ್ಲಿ ಯುಎಸ್‌ಬಿ ಇರುವ ಸಾಮಾನೆಲ್ಲ ಹೆಚ್ಚುಕಡಿಮೆ ನಡೆಯುತ್ತದೆ. ಎಕ್ಸ್‌ಬಾಕ್ಸ್ ತನಗೆಂದು ಪರವಾನಗಿ ಪಡೆದು ತಯಾರಾದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಆರ್ಡುವಿನೋ (ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್) ಹಾಕಿ ಕೈಯಿಂದ ಮಾಡಿದ ಸ್ವಿಚ್ ಪ್ಯಾನೆಲ್ ಅಲ್ಲಿ ನಡೆಯುವ ಮಾತೇ ಇಲ್ಲ. ಒಂದೇ ಹೆಸರಿನ ಯೋಕ್‌ಗೆ ಪಿಸಿಯದೊಂದು, ಎಕ್ಸ್‌ಬಾಕ್ಸ್‌ನದೊಂದು ಮಾದರಿ ಇರುವುದೂ ಉಂಟು. ಹೆಸರಲ್ಲ, ಮಾದರಿ ಸಂಖ್ಯೆ ನೋಡಿ.

ಹೆಜ್ಜೆ 3: ಒಳಗಿನ ಸೆನ್ಸರ್ ಕೇಳಿ

ಲಿವರ್ ಎಷ್ಟು ಸರಿಯಿತು ಅಂತ ತಿಳಿಯಲು ಎರಡು ಬಗೆಯ ಸೆನ್ಸರ್ ಬಳಕೆಯಲ್ಲಿದೆ. ಒಂದು ಪೊಟೆನ್ಷಿಯೋಮೀಟರ್, ರೇಡಿಯೋದ ವಾಲ್ಯೂಮ್ ತಿರುಗಿಸುವ ಅದೇ ‘ಪಾಟ್’. ಒಳಗೆ ಒಂದು ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತದೆ. ಇನ್ನೊಂದು ಹಾಲ್ ಸೆನ್ಸರ್. ಅದರಲ್ಲಿ ಆಯಸ್ಕಾಂತ ತಿರುಗುತ್ತದೆ, ಸೆನ್ಸರ್ ದೂರದಿಂದಲೇ ಅಳೆಯುತ್ತದೆ. ಉಜ್ಜಾಟ ಇಲ್ಲ, ಹಾಗಾಗಿ ಸವೆತವೂ ಇಲ್ಲ.

ನಮ್ಮ ಕಡೆ ಇದು ಬರೀ ಪುಸ್ತಕದ ಮಾತಲ್ಲ. ಮಾರ್ಚ್‌ನಿಂದ ಮೇವರೆಗೆ ಹುಬ್ಬಳ್ಳಿಯ ಧೂಳು ಯಾವ ಕಿಟಕಿಯನ್ನೂ ಕೇಳಿ ಬರುವುದಿಲ್ಲ. ಪಾಟ್ ಒಳಗೆ ಧೂಳು ಸೇರಿದರೆ ಲಿವರ್ ಮುಟ್ಟದೇ ಇದ್ದರೂ ಎಂಜಿನ್ ಏರಿಳಿಯುತ್ತದೆ, ಮೂಗು ತಾನೇ ಹಾರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಕೆಲವು ತಿಂಗಳು ಸುಮ್ಮನಿರುತ್ತದೆ. ದಿನಾ ಹಾರಿಸುವವರಾದರೆ ಸ್ಟಿಕ್ ಅಥವಾ ಯೋಕ್‌ನಲ್ಲಾದರೂ ಹಾಲ್ ಸೆನ್ಸರ್ ಇರಲಿ ಅನ್ನುತ್ತೇನೆ. ಟಿ.16000ಎಂನ ಮುಖ್ಯ ಎರಡು ಆಕ್ಸಿಸ್‌ಗೆ ಅದಿದೆ. ಥ್ರಾಟಲ್‌ನಲ್ಲಿ ಪಾಟ್ ಇದ್ದರೂ ತಡೆದುಕೊಳ್ಳಬಹುದು. ಏನಿದ್ದರೂ ಮೇಲೆ ಒಂದು ಬಟ್ಟೆ ಹೊದಿಸಿಡಿ, ಹೊಲಿಗೆ ಮಷಿನ್‌ಗೆ ಹೊದಿಸಿದ ಹಾಗೆ.

ಯೋಕ್‌ನಲ್ಲಿ ತಿರುಗುವ ಕೋನವನ್ನೂ ನೋಡಿ. ಲಾಜಿಟೆಕ್ ಯೋಕ್ ಎರಡೂ ಕಡೆ ಸೇರಿ 90 ಡಿಗ್ರಿ ತಿರುಗುತ್ತದೆ, ಹನಿಕೋಂಬ್ ಆಲ್ಫಾ 180. ಕೋನ ಕಮ್ಮಿ ಇದ್ದಷ್ಟೂ ಸಣ್ಣ ಕೈ ಅಲುಗಾಟಕ್ಕೇ ವಿಮಾನ ಜಾಸ್ತಿ ವಾಲುತ್ತದೆ. ಸಿಮ್‌ನ ಸೆನ್ಸಿಟಿವಿಟಿ ಕರ್ವ್ (ಕೈ ಸರಿಸಿದ್ದಕ್ಕೆ ವಿಮಾನ ಎಷ್ಟು ಸ್ಪಂದಿಸಬೇಕು ಅನ್ನುವ ಗೆರೆ) ಬಗ್ಗಿಸಿ ಸ್ವಲ್ಪ ಸರಿಮಾಡಬಹುದು, ಪೂರ್ತಿ ಅಲ್ಲ.

ಹೆಜ್ಜೆ 4: ಪೆಡಲ್ ನಿಜಕ್ಕೂ ಬೇಕಾ?

ಎ320 ಮಾತ್ರ ಹಾರಿಸುವವರು ಸದ್ಯಕ್ಕೆ ಬಿಡಿ. ಗಾಳಿಯಲ್ಲಿದ್ದಾಗ ರಡ್ಡರ್‌ಗೆ ಕೆಲಸ ಕಮ್ಮಿ. ಟೇಕಾಫ್, ಅಡ್ಡಗಾಳಿಯ ಲ್ಯಾಂಡಿಂಗ್‌ಗೆ ಹಿಡಿಯನ್ನೇ ತಿರುಚುವ ಟ್ವಿಸ್ಟ್ ಜಾಯ್‌ಸ್ಟಿಕ್ ಸಾಕು. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊದಂಥ ಸಾಧಾರಣ ಸ್ಟಿಕ್‌ನಲ್ಲೂ ಆ ತಿರುಚು ಇದೆ. ಸೆಸ್ನಾ ಕಥೆ ಬೇರೆ. ಪೂರ್ತಿ ಪವರ್ ಕೊಟ್ಟ ಕೂಡಲೇ ಪ್ರೊಪೆಲರ್‌ನ ಪ್ರಭಾವಕ್ಕೆ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಲೇಬೇಕು. ಯೋಕ್‌ನಲ್ಲಿ ತಿರುಚು ಇರುವುದಿಲ್ಲ. ಆದ್ದರಿಂದ ಯೋಕ್ ಕೊಂಡವರು ಇವತ್ತಲ್ಲ ನಾಳೆ ಪೆಡಲ್ ಕೊಳ್ಳುತ್ತಾರೆ. ಬಜೆಟ್ ಹಾಕುವಾಗ ಎರಡನ್ನೂ ಒಂದೇ ಖರ್ಚು ಅಂತ ಲೆಕ್ಕ ಹಿಡಿಯಿರಿ.

ಪೆಡಲ್‌ಗಳಲ್ಲೂ ವೈರಿನ ತುದಿ ನೋಡಬೇಕು. ಕೆಲವಕ್ಕೆ ಯುಎಸ್‌ಬಿ ಇರುತ್ತದೆ. ಕೆಲವು ಮನೆಯ ಲ್ಯಾಂಡ್‌ಲೈನ್ ಫೋನಿನಂಥ ಆರ್‌ಜೆ12 ಪಿನ್ನಿನಿಂದ ಅದೇ ಕಂಪನಿಯ ಥ್ರಾಟಲ್‌ಗೆ ಸೇರುತ್ತವೆ. ಹಾಗೆಯೇ ಥ್ರಸ್ಟ್‌ಮಾಸ್ಟರ್‌ನ ಏರ್‌ಬಸ್ ಕ್ವಾಡ್ರೆಂಟ್‌ಗೆ ಫ್ಲಾಪ್, ಸ್ಪೀಡ್‌ಬ್ರೇಕ್ ಇರುವ ಆಡ್-ಆನ್ ಸಿಗುತ್ತದೆ. ಅದು ಆ ಕ್ವಾಡ್ರೆಂಟ್‌ಗೆ ಜೋಡಿಸಿದರೆ ಮಾತ್ರ ಜೀವ ಹಿಡಿಯುತ್ತದೆ. ಬಿಡಿಯಾಗಿ ಕೊಂಡರೆ ಅಟ್ಟ ಸೇರುತ್ತದೆ. ಅನುಭವದ ಮಾತು.

ಹೆಜ್ಜೆ 5: ಯುಎಸ್‌ಬಿ ಲೆಕ್ಕ

ಯೋಕ್ ಒಂದು, ಪೆಡಲ್ ಒಂದು, ಕ್ವಾಡ್ರೆಂಟ್ ಒಂದು, ಪ್ಯಾನೆಲ್ ಒಂದು, ಮೌಸ್, ಹೆಡ್‌ಫೋನ್. ಲ್ಯಾಪ್‌ಟಾಪ್‌ನಲ್ಲಿ ಇರುವುದು ಎರಡೋ ಮೂರೋ ಪೋರ್ಟ್. ಒಂದು ಪೋರ್ಟನ್ನು ಹಲವು ಮಾಡುವ ಹಬ್ ಬೇಕೇ ಬೇಕು. ಯುಎಸ್‌ಬಿ 2.0 ಪೋರ್ಟ್ ಕೊಡುವ ಕರೆಂಟ್ 500 ಮಿಲಿಆಂಪ್, 3.0 ಆದರೆ 900. ಅಡಾಪ್ಟರ್ ಇಲ್ಲದ ಹಬ್ ಅದನ್ನೇ ಎಲ್ಲರಿಗೂ ಹಂಚುತ್ತದೆ. ದೀಪ, ಡಿಸ್‌ಪ್ಲೇ ಇರುವ ಪ್ಯಾನೆಲ್ ಎರಡು ಸೇರಿದರೆ ಯಾವುದೋ ಒಂದು ಲ್ಯಾಂಡಿಂಗ್ ಹೊತ್ತಿಗೇ ಕೈ ಕೊಡುತ್ತದೆ. ಗೋಡೆಯ ಪ್ಲಗ್ಗಿನಿಂದ ಬೇರೆ ಕರೆಂಟ್ ತಗೊಳ್ಳುವ ಹಬ್ ಕೊಳ್ಳಿ. ಆ ಅಡಾಪ್ಟರನ್ನೂ ಪಿಸಿ ಜೊತೆ ಯುಪಿಎಸ್‌ಗೇ ಹಾಕಿ. ಪಿಸಿ ಉಳಿದು ಹಬ್ ಹೋದರೆ ಅದೂ ಕರೆಂಟ್ ಹೋದ ಹಾಗೇ ಅಲ್ವಾ?

ಜಾಯ್‌ಸ್ಟಿಕ್ ಆಗಾಗ ಮಾಯವಾಗಿ ಮತ್ತೆ ಬರುತ್ತಿದ್ದರೆ ಸಾಮಾನು ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ವಿಂಡೋಸ್‌ನ ಪವರ್ ಆಪ್ಷನ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಟಿಕ್ ತೆಗೆಯಿರಿ. ಅರ್ಧದಷ್ಟು ದೂರು ಅಲ್ಲೇ ಮುಗಿಯುತ್ತದೆ. ಮತ್ತೆ, ಪ್ರತಿ ವೈರಿಗೂ ಪೋರ್ಟ್‌ಗೂ ಒಂದೇ ನಂಬರಿನ ಸ್ಟಿಕ್ಕರ್ ಅಂಟಿಸಿ. ಪೋರ್ಟ್ ಬದಲಾದರೆ ಕೆಲವೊಮ್ಮೆ ಸಿಮ್ ಅದನ್ನು ಹೊಸ ಸಾಮಾನು ಅಂದುಕೊಂಡು ನೀವು ಕೂಡಿಸಿದ್ದನ್ನೆಲ್ಲ ಮರೆಯುತ್ತದೆ.

ಹೆಜ್ಜೆ 6: ಸ್ವಿಚ್ ಪ್ಯಾನೆಲ್, ಕೊಳ್ಳುವುದಾ ಮಾಡುವುದಾ

ಹೊಂದಾಣಿಕೆಯ ನಿಜವಾದ ಕಗ್ಗಂಟು ಇಲ್ಲಿದೆ. ಪ್ಯಾನೆಲ್‌ನಿಂದ ಸಿಮ್‌ಗೆ ಹೋಗುವುದು ಒಂದು, ಸಿಮ್‌ನಿಂದ ಪ್ಯಾನೆಲ್‌ಗೆ ಬರುವುದು ಇನ್ನೊಂದು. ಬಟನ್ ಒತ್ತಿದ್ದು, ಲಿವರ್ ಸರಿಸಿದ್ದು ಮೊದಲನೆಯದು. ಇದಕ್ಕೆ ಸಾಮಾನ್ಯವಾಗಿ ಬೇರೆ ಸಾಫ್ಟ್‌ವೇರ್ ಬೇಡ, ಹೆಚ್ಚಿನವನ್ನು ವಿಂಡೋಸ್ ತಾನೇ ಜಾಯ್‌ಸ್ಟಿಕ್ ಅಂತ ಗುರುತು ಹಿಡಿಯುತ್ತದೆ. ಆದರೆ ಗೇರ್ ಇಳಿದಾಗ ಮೂರು ಹಸಿರು ದೀಪ ಹೊತ್ತಬೇಕು, ರೇಡಿಯೋ ಫ್ರೀಕ್ವೆನ್ಸಿ ಡಿಸ್‌ಪ್ಲೇಯಲ್ಲಿ ಕಾಣಬೇಕು ಅಂದರೆ ಸಿಮ್ ಮಾತಾಡಬೇಕು. ಮೈಕ್ರೋಸಾಫ್ಟ್‌ನದು ಸಿಮ್‌ಕನೆಕ್ಟ್ ಮೂಲಕ ಮಾತಾಡುತ್ತದೆ, ಎಕ್ಸ್-ಪ್ಲೇನ್ ಡೇಟಾರೆಫ್ ಮೂಲಕ. ನಡುವೆ ಒಬ್ಬ ದುಭಾಷಿ ಬೇಕು. ಕೊಂಡ ಪ್ಯಾನೆಲ್‌ಗೆ ಕಂಪನಿಯ ಡ್ರೈವರ್ ಅಥವಾ ಸ್ಪ್ಯಾಡ್ ನೆಕ್ಸ್ಟ್, ಕೈಯಿಂದ ಮಾಡಿದ್ದಕ್ಕೆ ಮೊಬಿಫ್ಲೈಟ್. ಮೊಬಿಫ್ಲೈಟ್ ಉಚಿತ.

ದುಭಾಷಿ ಇದ್ದರೂ ಒಂದು ತೊಡಕು. ಸಿಮ್‌ಗೆಂದು ಬಹಳ ಆಳವಾಗಿ ಮಾಡಿದ ವಿಮಾನಗಳು, ಉದಾಹರಣೆಗೆ ಪಿಎಂಡಿಜಿಯ 737 ಅಥವಾ ಉಚಿತವಾಗಿ ಸಿಗುವ ಫ್ಲೈಬೈವೈರ್‌ನ ಎ32ಎನ್‌ಎಕ್ಸ್, ಎಷ್ಟೋ ಸ್ವಿಚ್‌ಗಳಿಗೆ ಸಿಮ್‌ನ ಮಾಮೂಲಿ ಆಜ್ಞೆಗಳನ್ನು ಕೇಳುವುದಿಲ್ಲ. ಅವುಗಳದ್ದೇ ಬೇರೆ ಹೆಸರುಗಳಿವೆ. ಸೆಸ್ನಾದಲ್ಲಿ ಸರಿಯಾಗಿ ನಡೆದ ಆಟೋಪೈಲಟ್ ಬಟನ್ ಅಲ್ಲಿ ಮೂಕವಾಗುತ್ತದೆ. ಹಾಗಾಗಿ ‘ಈ ಪ್ಯಾನೆಲ್ ನನ್ನ ಸಿಮ್‌ಗೆ ನಡೆಯುತ್ತದಾ’ ಅಂತ ಕೇಳಬೇಡಿ. ‘ನನ್ನ ವಿಮಾನಕ್ಕೆ ಪ್ರೊಫೈಲ್ (ಮೊದಲೇ ಮಾಡಿಟ್ಟ ಜೋಡಣೆಯ ಫೈಲ್) ಇದೆಯಾ’ ಅಂತ ಕೇಳಿ.

ಮಾಡಿಕೊಳ್ಳುವವರಿಗೆ ಬೋರ್ಡ್ ಆಯ್ಕೆ ಮೊದಲು. ಆರ್ಡುವಿನೋ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊದಲ್ಲಿ ಎಟಿಮೆಗಾ32ಯು4 ಚಿಪ್ ಇದೆ. ಅದು ನೇರವಾಗಿ ಜಾಯ್‌ಸ್ಟಿಕ್ ವೇಷ ಹಾಕಬಲ್ಲದು. ಊನೊ ಆರ್3, ಮೆಗಾ ಇದ್ದ ಹಾಗೇ ಹಾಕಲಾರವು, ಆದರೆ ಮೊಬಿಫ್ಲೈಟ್ ಜೊತೆ ಚೆನ್ನಾಗಿ ನಡೆಯುತ್ತವೆ. ಕಾಲೇಜು ಪ್ರಾಜೆಕ್ಟಿಗೆ ತಂದ ಊನೊ ಮನೆಯಲ್ಲಿದೆ ಅಂತ ಅದರ ಸುತ್ತ ಪ್ಲಾನ್ ಮಾಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಅಟ್ಟದ ಕ್ವಾಡ್ರೆಂಟ್‌ಗೆ ಮೋಕ್ಷ ಸಿಕ್ಕಿದ್ದು ಹೀಗೆಯೇ. ಬಿಚ್ಚಿ ನೋಡಿದರೆ ಒಳಗೆ ಮೂರು ಪಾಟ್, ಕೆಲವು ಬಟನ್, ಅಷ್ಟೇ. ದುಂಡನೆಯ ಪಿನ್ ಕತ್ತರಿಸಿ ಮೂರು ಪಾಟ್‌ಗಳನ್ನು ಪ್ರೊ ಮೈಕ್ರೊದ ಮೂರು ಅನಲಾಗ್ ಪಿನ್‌ಗೆ ಬೆಸುಗೆ ಹಾಕಿದೆ. ಬೋರ್ಡಿನ ಖರ್ಚು ಕೆಲವು ನೂರು ರೂಪಾಯಿ. ಹೊಸ ಪಾಟ್ ತರುವುದಾದರೆ ರೇಡಿಯೋ ಸ್ಪೇರ್ ಅಂಗಡಿಯಲ್ಲಿ ಬರೀ ‘ವಾಲ್ಯೂಮ್ ಕಂಟ್ರೋಲ್’ ಅನ್ನಬೇಡಿ. ಎ10ಕೆ ಅಂತ ಬರೆದಿದ್ದು ಕೊಟ್ಟರೆ ಅದು ಕಿವಿಗೆ ತಕ್ಕಂತೆ ಏರುವ ಬಗೆ. ಲಿವರ್ ಅರ್ಧ ತಳ್ಳಿದರೂ ಎಂಜಿನ್ ಅರ್ಧಕ್ಕೆ ಬರುವುದಿಲ್ಲ. ನಿಮಗೆ ಬೇಕಿರುವುದು ಬಿ10ಕೆ, ಸಮನಾಗಿ ಏರುವುದು. ಪಾಟ್ ಸುಮಾರು 300 ಡಿಗ್ರಿ ತಿರುಗುತ್ತದೆ, ಲಿವರ್ 75 ಡಿಗ್ರಿ ಮಾತ್ರ. ಬೋರ್ಡ್‌ನ 1024 ಮೆಟ್ಟಿಲಲ್ಲಿ ಕಾಲುಭಾಗ, ಅಂದರೆ 256 ಮಾತ್ರ ಸಿಗುತ್ತದೆ. ಥ್ರಾಟಲ್‌ಗೆ ಅದು ಸಾಕು. ಯೋಕ್‌ಗೆ ಸಾಲದು.

ಸ್ವಿಚ್‌ಗಳಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಟಾಗಲ್ ಸ್ವಿಚ್ ಮೇಲೆ ಎತ್ತಿದರೆ ಸಿಮ್‌ಗೆ ‘ಬಟನ್ ಒತ್ತಿಯೇ ಇದ್ದಾರೆ’ ಅಂತ ಕಾಣುತ್ತದೆ. ಕೆಳಗೆ ಇಳಿಸಿದರೆ ಏನೂ ಕಾಣುವುದಿಲ್ಲ. ಲ್ಯಾಂಡಿಂಗ್ ಲೈಟಿಗೆ ‘ಟಾಗಲ್’ ಆಜ್ಞೆ ಕೊಟ್ಟಿದ್ದರೆ ಎರಡು ಸಲ ಎತ್ತಿಳಿಸುವಷ್ಟರಲ್ಲಿ ಸ್ವಿಚ್ ಒಂದು ಹೇಳುತ್ತದೆ, ವಿಮಾನ ಇನ್ನೊಂದು. ಹನಿಕೋಂಬ್ ಆಲ್ಫಾದ ಸ್ವಿಚ್‌ಗಳು ಆನ್‌ಗೆ ಒಂದು, ಆಫ್‌ಗೆ ಇನ್ನೊಂದು ಬಟನ್ ಸಂಕೇತ ಕಳಿಸುತ್ತವೆ. ನೀವೂ ಹಾಗೇ ಮಾಡಿ: ಸ್ವಿಚ್ ಏರಿದಾಗ ಒಂದು ಬಟನ್ ಕ್ಷಣ ಮಾತ್ರ, ಇಳಿದಾಗ ಬೇರೆ ಬಟನ್ ಕ್ಷಣ ಮಾತ್ರ. ಸಿಮ್‌ನಲ್ಲಿ ‘ಆನ್’, ‘ಆಫ್’ ಆಜ್ಞೆಗಳನ್ನು ಬೇರೆ ಬೇರೆ ಕೂಡಿಸಿ. ಆ ಕ್ಷಣ ತೀರಾ ಚಿಕ್ಕದಾಗದಿರಲಿ. ಸುಮಾರು 50 ಮಿಲಿಸೆಕೆಂಡ್ ಇಟ್ಟರೆ ಸಿಮ್ ತಪ್ಪಿಸಿಕೊಳ್ಳುವುದಿಲ್ಲ. ಎನ್‌ಕೋಡರ್‌ಗೂ (ಕೊನೆಯಿಲ್ಲದೆ ತಿರುಗುವ ಗುಂಡಿ) ಇದೇ ಮಾತು.

ವಿಆರ್ ಕನ್ನಡಕ ಹಾಕಿ ಹಾರಿಸುವವರು ಈ ಹೆಜ್ಜೆಯನ್ನೇ ಬಿಡಬಹುದು. ಕಣ್ಣಿಗೆ ಕಾಣದ ಪ್ಯಾನೆಲ್‌ಗೆ ಯಾಕೆ ದುಡ್ಡು?

ಹೆಜ್ಜೆ 7: ಮೇಜು, ಕುರ್ಚಿ, ನೆಲ

ಯೋಕ್‌ಗಳಲ್ಲಿ ಬಹಳಷ್ಟು ಕ್ಲಾಂಪ್ ಹಾಕಿ ಮೇಜಿಗೆ ಬಿಗಿಯುವಂಥವು. ನಮ್ಮ ಮನೆಗಳ ಕಂಪ್ಯೂಟರ್ ಮೇಜಿಗೆ ಮುಂದೆ ಕೀಬೋರ್ಡ್ ಟ್ರೇ ಇರುತ್ತದೆ, ಇಲ್ಲವೇ ಡ್ರಾಯರ್. ಕ್ಲಾಂಪ್‌ಗೆ ಕೆಳಗೆ ಜಾಗವೇ ಇಲ್ಲ. ಮೇಲೆ ಗಾಜು ಹಾಕಿಸಿದ್ದರೆ ಮುಗಿಯಿತು, ಬಿಗಿಯಲೇಬೇಡಿ. ಮೇಜಿನ ಅಂಚಿನ ದಪ್ಪ, ಕೆಳಗಿನ ಜಾಗ, ತೊಡೆಗೂ ಮೇಜಿಗೂ ನಡುವಿನ ಅಂತರ, ಈ ಮೂರನ್ನೂ ಟೇಪಿನಲ್ಲಿ ಅಳೆದು ಹಾಳೆಯಲ್ಲಿ ಬರೆಯಿರಿ. ಯೋಕ್ ಪೂರ್ತಿ ಹಿಂದಕ್ಕೆ ಎಳೆದಾಗ ಹೊಟ್ಟೆಗೆ ತಾಗಬಾರದು. ನನ್ನ ವಿಷಯದಲ್ಲಿ ತಪ್ಪು ಯೋಕ್‌ನದಲ್ಲ, ಮಿರ್ಚಿ ಭಜಿಯದ್ದು.

ಪೆಡಲ್ ಶಹಾಬಾದ್ ಕಲ್ಲಿನ ನೆಲದ ಮೇಲೆ, ಟೈಲ್ಸ್ ಮೇಲೆ ನಿಲ್ಲುವುದಿಲ್ಲ. ಬಲಗಾಲು ಒತ್ತಿದರೆ ಪೆಡಲ್ ಆ ಕಡೆ, ಗಾಲಿ ಕುರ್ಚಿ ಈ ಕಡೆ. ಒಂದು ಪ್ಲೈವುಡ್ ಹಲಗೆಗೆ ಮುಂದೆ ಪೆಡಲ್ ಸ್ಕ್ರೂ ಹಾಕಿ, ಹಿಂದೆ ಕುರ್ಚಿಯ ಮುಂಗಾಲು ಅದರ ಮೇಲೇ ಕೂರುವಂತೆ ಮಾಡಿ. ನಿಮ್ಮ ಭಾರವೇ ಪೆಡಲನ್ನು ಹಿಡಿದುಕೊಳ್ಳುತ್ತದೆ. ಗಾಲಿ ಇಲ್ಲದ ಕಟ್ಟಿಗೆಯ ಕುರ್ಚಿ ಇದ್ದರೆ ಇನ್ನೂ ಒಳ್ಳೆಯದು.

ನಾನು ಕಬ್ಬಿಣದ ಚೌಕಟ್ಟು ಮಾಡಿಸಲು ಗೋಕುಲ ರಸ್ತೆಯ ಒಂದು ಫ್ಯಾಬ್ರಿಕೇಶನ್ ಅಂಗಡಿಗೆ ಹೋಗಿದ್ದೆ. ಚಿತ್ರ ನೋಡಿ ಅವರು ಕೇಳಿದರು, “ಸರ, ಇದಕ್ಕ ಗಾಲಿ ಎಲ್ಲಿ ಕೂಡಸೂದ್ರಿ?” “ಗಾಲಿ ಬ್ಯಾಡ್ರಿ, ಇದು ಹಾರ್ತದ” ಅಂದೆ. ನಕ್ಕರು, ಆದರೆ ಅಳತೆ ಪಕ್ಕಾ ತಗೊಂಡರು. ರಂಧ್ರ ಕೊರೆಸಲು ಯೋಕ್‌ನ ತಳವನ್ನೇ ಹೊತ್ತುಕೊಂಡು ಹೋಗಿ. ಕಾಗದದ ಅಳತೆ ನಂಬಿದರೆ ಎರಡು ಮಿಲಿಮೀಟರ್ ಎಲ್ಲೋ ಹೋಗಿರುತ್ತದೆ.

ಹೆಜ್ಜೆ 8: ಸೆಕೆಂಡ್ ಹ್ಯಾಂಡ್, ವಿದೇಶಿ ಪಾರ್ಸೆಲ್

ಸೆಕೆಂಡ್ ಹ್ಯಾಂಡ್ ಆದರೆ ಮೂರು ಕೇಳಿ: ವೈರಿನ ತುದಿಯ ಫೋಟೋ, ಮಾದರಿ ಸಂಖ್ಯೆಯ ಫೋಟೋ, ಮತ್ತೆ ಒಂದು ವಿಡಿಯೋ. ವಿಡಿಯೋದಲ್ಲಿ ಪ್ರತಿ ಲಿವರನ್ನೂ ನಿಧಾನಕ್ಕೆ ತುದಿಯಿಂದ ತುದಿಗೆ ಸರಿಸುತ್ತಿರಬೇಕು, ಪರದೆಯ ಮೇಲೆ ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿ ಕಾಣುತ್ತಿರಬೇಕು. ಪಟ್ಟಿ ನುಣ್ಣಗೆ ಏರಬೇಕು. ಜಿಗಿದರೆ ಪಾಟ್ ಸವೆದಿದೆ. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ, ಕೊರಿಯರ್ ಖರ್ಚು ಎಲ್ಲ ಸೇರಿಸಿ ಲೆಕ್ಕ ಹಾಕಿ. ವಾರಂಟಿಗೆ ವಾಪಸ್ ಕಳಿಸುವ ಖರ್ಚೂ ನಿಮ್ಮದೇ ಆಗಬಹುದು.

ಹೆಜ್ಜೆ 9: ಕೂಡಿಸಿದ ದಿನ

ಸಿಮ್ ತೆರೆಯುವ ಮುಂಚೆ ವಿಂಡೋಸ್ ಬಟನ್ ಜೊತೆ ಆರ್ ಒತ್ತಿ, ‘ಜೆಒವೈ ಡಾಟ್ ಸಿಪಿಎಲ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಜಾಯ್‌ಸ್ಟಿಕ್ ಆಗಿ ಕೆಲಸ ಮಾಡುವ ಎಲ್ಲ ಸಾಮಾನೂ ಪಟ್ಟಿಯಲ್ಲಿ ಕಾಣಬೇಕು. ಅಂಥದ್ದು ಇಲ್ಲಿ ಕಾಣದಿದ್ದರೆ ಸಿಮ್‌ನಲ್ಲೂ ಕಾಣುವುದಿಲ್ಲ. ದುಭಾಷಿ ಮೂಲಕ ನಡೆಯುವ ಪ್ಯಾನೆಲ್ ಇಲ್ಲಿ ಕಾಣದೇ ಇರಬಹುದು. ಒಂದೊಂದನ್ನೇ ಕ್ಯಾಲಿಬ್ರೇಟ್ ಮಾಡಿ, ಆಮೇಲೆ ಸಿಮ್‌ಗೆ ಹೋಗಿ.

ಹಾಳೆಯಲ್ಲಿ ಒಂದೇ ಸಾಲಿಗೆ ಎರಡು ಹೆಸರು ಬಂದಿತ್ತಲ್ಲ, ಅದನ್ನು ಈಗ ಸರಿಮಾಡಿ. ಹೊಸ ಸಾಮಾನು ಹಾಕಿದ ಕೂಡಲೇ ಸಿಮ್ ತಾನೇ ಏನೇನೋ ಕೂಡಿಸಿಬಿಡುತ್ತದೆ. ಜಾಯ್‌ಸ್ಟಿಕ್‌ನ ತಿರುಚೂ ರಡ್ಡರ್, ಪೆಡಲ್ಲೂ ರಡ್ಡರ್ ಆಗಿ ಕೂರುತ್ತದೆ. ಎರಡೂ ಜಗ್ಗಾಡಿ ವಿಮಾನ ರನ್‌ವೇ ಮೇಲೆ ಕುಡಿದವರ ಹಾಗೆ ಹೋಗುತ್ತದೆ. ಸ್ಟಿಕ್‌ನ ತಿರುಚನ್ನು ತೆಗೆದುಹಾಕಿ. ಥ್ರಾಟಲ್ ಉಲ್ಟಾ ಆಗಿದ್ದರೆ ರಿವರ್ಸ್ ಟಿಕ್ ಹಾಕಿ. ಬಿಟ್ಟಾಗ ನಡುವಿಗೆ ಮರಳಬೇಕಾಗಿದ್ದೂ ಸರಿಯಾಗಿ ಅಲ್ಲಿ ನಿಲ್ಲದ ಆಕ್ಸಿಸ್‌ಗೆ ಮಾತ್ರ ಸ್ವಲ್ಪ ಡೆಡ್ ಜೋನ್ (ಸಣ್ಣ ಅಲುಗಾಟ ಲೆಕ್ಕಕ್ಕೆ ಬಾರದ ಜಾಗ) ಕೊಡಿ. ಎಲ್ಲಕ್ಕೂ ಕೊಟ್ಟರೆ ಕೈಗೂ ವಿಮಾನಕ್ಕೂ ನಡುವೆ ಹತ್ತಿ ತುಂಬಿದ ಹಾಗಾಗುತ್ತದೆ.

ಇನ್ನು ಪರೀಕ್ಷೆ. ಹುಬ್ಬಳ್ಳಿಯ ರನ್‌ವೇ 08/26. ಸೆಸ್ನಾವನ್ನು 26ರ ತುದಿಗೆ ನಿಲ್ಲಿಸಿ, ಮೂಗು ಪಶ್ಚಿಮದ ಕಡೆ. ಸಿಮ್‌ನ ಹವಾಮಾನದಲ್ಲಿ ಗಾಳಿಯನ್ನು 200 ಡಿಗ್ರಿಯಿಂದ 15 ನಾಟ್ ಇಡಿ. ಅದರಲ್ಲಿ ಸುಮಾರು 13 ನಾಟ್ ಎಡಗಡೆಯಿಂದ ಅಡ್ಡ ಬಡಿಯುತ್ತದೆ. ಗಾಳಿಯೂ ಮೂಗನ್ನು ಎಡಕ್ಕೆ ತಿರುಗಿಸುತ್ತದೆ, ಪ್ರೊಪೆಲರೂ ಎಡಕ್ಕೆ. ಯೋಕ್ ಎಡಕ್ಕೆ ತಿರುಗಿಸಿ ಹಿಡಿದು, ಬಲಗಾಲು ಹದವಾಗಿ ಒತ್ತುತ್ತಾ ಪೂರ್ತಿ ಪವರ್ ಕೊಡಿ. ಬಿಳಿ ಗೆರೆಯ ಮೇಲೇ ಓಡಿದರೆ ಪೆಡಲ್ ಸರಿ ಕೂತಿದೆ. ಕಾಲು ಒತ್ತಿದಷ್ಟು ತಿರುಗದೆ ಆಮೇಲೆ ಒಮ್ಮೆಲೇ ತಿರುಗಿದರೆ ಕರ್ವ್ ಸರಿಪಡಿಸಿ. ಹಲಗೆಯೇ ಮುಂದೆ ಜಾರಿದರೆ ಸಿಮ್ ನಿಲ್ಲಿಸಿ, ಸ್ಕ್ರೂ ಡ್ರೈವರ್ ತನ್ನಿ.